ಹೆಸರಿಲ್ಲದ ಅಹವಾಲು

‘ತೆಗೆದುಹಾಕು’ ಎಂಬ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಅವರು ಹೆಂಡತಿಯ ಕಡೆ ಕದ್ದು ನೋಡಿದರು. ಆಕೆ ಕಿಟಕಿಯ ಬಳಿ ಕುಳಿತು ತನ್ನ ಫೋನಿನಲ್ಲಿ ಏನೋ ಒತ್ತುತ್ತಿದ್ದಳು. ಮುಖ ಬಾಡಿತ್ತು.

ಬರೆದವಳು ಇವಳೇ. ಸಂಶಯವೇ ಬೇಡ.

ಅಚ್ಚಿನ ಮನೆಯಲ್ಲಿ ಪ್ರೂಫ್ ತಿದ್ದಿ ತಿದ್ದಿಯೇ ತಲೆ ನರೆತ ಮನುಷ್ಯ. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರಲಿಲ್ಲ. ಸಂಸಾರದ ಕಷ್ಟಸುಖ ಹೇಳಿಕೊಳ್ಳುವ ಆನ್‌ಲೈನ್ ಗುಂಪೊಂದಕ್ಕೆ ಅಡ್ಮಿನ್ ಆದರು. ಮನೆಯಲ್ಲಿ ಈ ಸುದ್ದಿ ಬಾಯಿಬಿಟ್ಟಿರಲಿಲ್ಲ. ಅಲ್ಲಿನ ಏರ್ಪಾಡೇ ಹಾಗೆ: ಹೆಸರು ಮುಚ್ಚಿಟ್ಟು ಬರೆಯಬಹುದು. ಬರೆದವರು ಯಾರೆಂದು ಅಡ್ಮಿನ್‌ಗೂ ಕಾಣದು, ಅಡ್ಮಿನ್ ಯಾರೆಂದು ಬರೆದವರಿಗೂ ತಿಳಿಯದು. ಇವರು ಒಪ್ಪಿದರಷ್ಟೇ ಬರಹ ಉಳಿದವರ ಕಣ್ಣಿಗೆ ಬೀಳುತ್ತದೆ. ಬೈಗುಳ, ಜಾಹೀರಾತು, ಅಳಲೆಕಾಯಿ ಪಂಡಿತರ ಮದ್ದು, ಎಲ್ಲವನ್ನೂ ಮುಲಾಜಿಲ್ಲದೆ ಕಿತ್ತೆಸೆಯುತ್ತಿದ್ದರು. ತಮ್ಮಂಥ ನ್ಯಾಯವಂತ ಇನ್ನೊಬ್ಬನಿಲ್ಲವೆಂದು ಒಳಗೊಳಗೇ ಬೀಗುತ್ತಲೂ ಇದ್ದರು.

ಈ ಬರಹದಲ್ಲಿ ಬೈಗುಳವಿರಲಿಲ್ಲ.

‘ಅವರು ಹೊಡೆಯುವುದಿಲ್ಲ. ಮಾತು ಬಿಡುತ್ತಾರೆ. ಉಪ್ಪು ಹೆಚ್ಚಾದರೆ ತಟ್ಟೆ ತಳ್ಳಿ ಎದ್ದು ಹೋಗುತ್ತಾರೆ. ಆಮೇಲೆ ವಾರಗಟ್ಟಲೆ ಅವರ ಪಾಲಿಗೆ ನಾನು ಮನೆಯಲ್ಲಿ ಇಲ್ಲವೇ ಇಲ್ಲ. ತವರಿಗೆ ಹೋಗಲು ಧೈರ್ಯವಿಲ್ಲ. ನನ್ನಿಂದಾಗುತ್ತಿಲ್ಲ. ಮನೆ ಬಿಟ್ಟು ಹೊರಡಲೇ? ತಿಳಿದವರು ಯಾರಾದರೂ ಹೇಳಿ.’

ನಿನ್ನೆಯಷ್ಟೇ ಅವರು ತಟ್ಟೆ ತಳ್ಳಿದ್ದರು. ಮಾತು ಬಿಟ್ಟು ಒಂದು ದಿನವಾಗಿತ್ತು. ಕಿವಿ ಬಿಸಿಯಾಯಿತು. ಈ ವಯಸ್ಸಿನಲ್ಲಿ ಇವಳಿಗೆ ತವರಂತೆ! ಅಲ್ಲಿ ಈಗ ಬೀಗ ಬಿಟ್ಟರೆ ಯಾರಿದ್ದಾರೆ? ಇದೆಲ್ಲ ಅಳಿಯನ ಕಿವಿಗೆ ಬಿದ್ದರೆ ಗತಿಯೇನು? ‘ಮಾವನವರ ಶಿಸ್ತು ನನಗೆ ಮಾದರಿ’ ಎನ್ನುವ ಹುಡುಗ ಅವನು.

ಯಾವ ನಿಯಮ ಹಿಡಿದು ನೋಡಿದರೂ ಬರಹದಲ್ಲಿ ಕೊಂಕು ಸಿಗಲಿಲ್ಲ. ಆದರೂ ಬರಹ ತೆಗೆದರು. ಸಾಲದೆಂದು, ಹೆಸರು ಕಾಣದಿದ್ದರೂ ಒತ್ತಬಹುದಾದ ಇನ್ನೊಂದು ಗುಂಡಿ ಒತ್ತಿ ಬರೆದವಳನ್ನು ಗುಂಪಿನಿಂದಲೇ ಹೊರಹಾಕಿದರು.

ಮಾನ ಉಳಿಯಿತು ಎಂದುಕೊಂಡರು. ಮರುದಿನ ಬೆಳಿಗ್ಗೆ ಹೆಂಡತಿ ಪಾತ್ರೆ ತೊಳೆಯುತ್ತಾ ಭುಜಕ್ಕೆ ಕಣ್ಣೊರೆಸಿಕೊಳ್ಳುವುದನ್ನು ಕಂಡಾಗ ಮೈ ಹಿಡಿಯಾಯಿತು. ಊರವರ ದುಃಖಕ್ಕೆಲ್ಲ ಜಾಗ ಕೊಟ್ಟು ಮನೆಯವಳ ಬಾಯಿಗೆ ಬೀಗ ಜಡಿದ ದೊಡ್ಡ ಮನುಷ್ಯ! ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

“ತಪ್ಪಾಯ್ತು ಕಣೇ.”

ಆಕೆ ಬೆಚ್ಚಿ ತಿರುಗಿದಳು. ಈ ಬಾಯಿಂದ ಆ ಮಾತನ್ನು ಎಂದೂ ಕೇಳಿದವಳಲ್ಲ. “ಏನಾಯ್ತು ನಿಮಗೆ? ಮೈ ಸರಿಯಿದೆ ತಾನೇ?”

“ಗ್ರೂಪಲ್ಲಿ ನೀನು ಬರೆದಿದ್ದನ್ನ ಓದಿದೆ. ಅಲ್ಲಿ ಅಡ್ಮಿನ್ ನಾನೇ. ಅದನ್ನ ತೆಗೆದವನೂ ನಾನೇ, ನಿನ್ನ ಹೊರಗೆ ಹಾಕಿದವನೂ ನಾನೇ. ಮಾನ ಹೋಗುತ್ತೆ ಅಂತ ಹೆದರಿಬಿಟ್ಟೆ. ಇನ್ಮೇಲೆ ತಟ್ಟೆ ತಳ್ಳಲ್ಲ, ಮಾತು ಬಿಡಲ್ಲ. ಮನೆ ಬಿಟ್ಟು ಮಾತ್ರ ಹೋಗಬೇಡ.”

ಆಕೆ ನಲ್ಲಿ ನಿಲ್ಲಿಸಿದಳು.

“ಬರೆದಿದ್ದು ನಾನಲ್ಲ. ಅಲ್ಲಿ ಬರಿ, ತಿಳಿದವರು ದಾರಿ ತೋರಿಸ್ತಾರೆ ಅಂತ ಹೇಳಿಕೊಟ್ಟವಳು ನಾನು. ಅಲ್ಲೂ ಬಾಗಿಲು ಹಾಕಿಬಿಟ್ರು ಅಂತ ಈಗಷ್ಟೇ ಫೋನ್ ಮಾಡಿ ಅತ್ತಳು.”

“ಯಾರು?”

“ಹೊರಡೋಕೆ ಅಂತ ಕಟ್ಟಿಟ್ಟಿದ್ದ ಬಟ್ಟೇನೆಲ್ಲ ಮತ್ತೆ ಬೀರುವಲ್ಲಿ ಜೋಡಿಸಿಟ್ಟಳಂತೆ, ನಮ್ಮ ಮಗಳು.”