ಬಾಗಿಲು ಮುಚ್ಚಿದ ಕಾಲು ಗಂಟೆ

ಎಡೆ ಇಟ್ಟು, ಊದುಬತ್ತಿ ಹಚ್ಚಿ, ಬಾಗಿಲು ಎಳೆದುಕೊಂಡು ಜಗಲಿಗೆ ಬಂದು ಕೂತ ಮೇಲೆ ಅಶ್ವತ್ಥಮ್ಮನಿಗೆ ದಿಗಿಲಾಯಿತು: ಬಾಡಿನ ಸಾರಿಗೆ ಉಪ್ಪು ಹಾಕಿದ ನೆನಪೇ ಇಲ್ಲ. ಹಿರಿಯರಿಗೆಂದು ಮಾಡಿದ ಅಡುಗೆಯನ್ನು ಅವರು ಉಣ್ಣುವ ಮೊದಲು ಯಾರೂ ರುಚಿ ನೋಡುವಂತಿಲ್ಲ. ಈಗ ಒಳಗೆ ಹೋಗುವಂತೆಯೂ ಇಲ್ಲ. ಕಾಲು ಗಂಟೆ ಬಾಗಿಲು ಮುಚ್ಚಿರಬೇಕು, ಸತ್ತವರು ಬಂದು ಉಂಡು ಹೋಗಬೇಕು. ಗಂಡ ವೆಂಕಟರವಣಪ್ಪ ತೀರಿಕೊಂಡ ಮೇಲೆ ಮಂಡಿಕಲ್ಲಿನ ಆ ಮನೆಯಲ್ಲಿ ಇದು ಮೊದಲನೆಯ ಪಿತೃಪಕ್ಷ. ಉಪ್ಪು ಕಡಿಮೆಯಾದರೆ ವೆಂಕಟರವಣಪ್ಪ ತಟ್ಟೆ ಎಸೆಯುತ್ತಿದ್ದ. ತಟ್ಟೆಯ ಹಿಂದೆಯೇ ಕೈ ಬರುತ್ತಿತ್ತು.

ಜಗಲಿಯ ಮೇಲೆ ಇಬ್ಬರು ಗಂಡುಮಕ್ಕಳು ಕೂತಿದ್ದರು. ಹಿರಿಯವನು ಚೆನ್ನರಾಯಪ್ಪ, ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಗುಮಾಸ್ತ, ಹಣೆಯ ಮೇಲೆ ಆಗಷ್ಟೇ ಇಟ್ಟ ನಾಮ. ಕಿರಿಯವನು ಕೋನಪ್ಪ, ಚಿಂತಾಮಣಿಯ ಹೈಸ್ಕೂಲೊಂದರಲ್ಲಿ ಚರಿತ್ರೆಯ ಮೇಷ್ಟ್ರು, ದೇವರನ್ನು ಬಿಟ್ಟು ಇಪ್ಪತ್ತು ವರ್ಷ. ವೀಳ್ಯದೆಲೆ ಸುತ್ತಿಕೊಂಡು ಬಂದಿದ್ದ ಆಗಸ್ಟ್ ತಿಂಗಳ ಪೇಪರನ್ನು ಅವನು ಬಿಡಿಸಿಕೊಂಡು ಓದುತ್ತಿದ್ದ. ಅದರಲ್ಲಿ ರಷ್ಯಾದವರು ಕ್ರೇನು ತಂದು ಕೆಡವಿದ ಕಮ್ಯುನಿಸ್ಟ್ ನಾಯಕನೊಬ್ಬನ ಪ್ರತಿಮೆಯ ಫೋಟೋ ಇತ್ತು.

"ದೇವರಿಲ್ಲ ಅಂದೋರ ಗತಿ ನೋಡ್ದಾ," ಎಂದ ಚೆನ್ನರಾಯಪ್ಪ. "ಆ ಸ್ಟಾಲಿನ್ನು ಎಷ್ಟು ಲಕ್ಷ ಜನಾನ ಕೊಲ್ಲಿಸ್ದ ಅಂತ ನೀನೇ ಮಕ್ಕಳಿಗೆ ಪಾಠ ಹೇಳ್ತೀಯಲ್ಲೋ. ದೇವರ ಭಯ ಇದ್ದಿದ್ರೆ ಹಂಗೆ ಮಾಡ್ತಿದ್ನಾ?"

"ಹಿಟ್ಲರನ ಸೈನಿಕರು ಸೊಂಟದ ಬೆಲ್ಟಿನ ಮೇಲೆ ದೇವರು ನಮ್ಮ ಜೊತೆ ಅಂತ ಬರೆಸ್ಕೊಂಡಿದ್ರು ಕಣಣ್ಣ. ಅದು ಯಾವ ಭಯ?"

"ಬೆಲ್ಟು ಮಾಡಿದೋನು ಬರೆದಿರ್ತಾನೆ, ಬಿಡು."

"ಸ್ಟಾಲಿನ್ನು ಪಾದ್ರಿ ಆಗೋಕೆ ಓದಿದೋನು, ಗೊತ್ತಾ ನಿಂಗೆ?"

"ಅರ್ಧಕ್ಕೇ ಬಿಟ್ನಲ್ಲಪ್ಪ. ಪೂರ್ತಿ ಓದಿದ್ರೆ ಸರಿಹೋಗ್ತಿದ್ದ."

ಹಬ್ಬಕ್ಕೊಮ್ಮೆ ಅಣ್ಣತಮ್ಮಂದಿರು ಸೇರಿದಾಗಲೆಲ್ಲ ಈ ಮಾತು ಏಳುತ್ತಿತ್ತು. ಒಬ್ಬ ತಕ್ಕಡಿಯ ಈ ಕಡೆ ಹತ್ತು ಲಕ್ಷ ಹೆಣ ಹಾಕಿದರೆ ಇನ್ನೊಬ್ಬ ಆ ಕಡೆಗೆ ಇಪ್ಪತ್ತು ಲಕ್ಷ ಸುರಿಯುತ್ತಿದ್ದ. ಜರ್ಮನಿ, ರಷ್ಯಾ ದಾಟಿ ಹತ್ತಿರ ಬರುವ ರೂಢಿ ಇಬ್ಬರಿಗೂ ಇರಲಿಲ್ಲ.

"ಆ ಸ್ಟಾಲಿನ್ನಿಗೆ ಹೆಂಡ್ತಿ ಇದ್ಲೇನಪ್ಪ?" ಅಶ್ವತ್ಥಮ್ಮ ಬಾಗಿಲಿನ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು.

"ಇದ್ಲಮ್ಮ. ಗುಂಡು ಹೊಡ್ಕೊಂಡು ಸತ್ತೋದ್ಲು," ಎಂದ ಕೋನಪ್ಪ.

"ಯಾಕೆ ನಾಯ್ನಾ?"

"ಸರಿಯಾಗಿ ಗೊತ್ತಿಲ್ಲ. ಊಟಕ್ಕೆ ಕೂತಾಗ ಏನೋ ಜಗಳ ಆಯ್ತಂತೆ."

"ಊಟಕ್ಕೆ ಕೂತಾಗ," ಎಂದು ಅಶ್ವತ್ಥಮ್ಮ ತಲೆಯಾಡಿಸಿದಳು. ರಷ್ಯಾದ ಚರಿತ್ರೆಯಲ್ಲಿ ಅವಳು ತಿಳಿಯಬೇಕಾದದ್ದು ಬೇರೇನೂ ಇದ್ದಂತಿರಲಿಲ್ಲ.

ಅವಳ ದನಿ ಕೇಳಿಯೋ ಏನೋ, ಅಣ್ಣತಮ್ಮಂದಿರು ಆ ದಿನ ಮೊದಲ ಸಲ ರಷ್ಯಾ ಬಿಟ್ಟು ಮನೆಗೆ ಬಂದರು. ಮನೆಯಲ್ಲೂ ಇಬ್ಬರಿಗೂ ಬೇಕಾದಷ್ಟು ಸಾಕ್ಷಿ ಇತ್ತು. ವೆಂಕಟರವಣಪ್ಪ ಐವತ್ತು ದಾಟುವವರೆಗೆ ಆಂಜನೇಯನ ಭಕ್ತ, ಶನಿವಾರ ಒಪ್ಪೊತ್ತು. ಆಮೇಲೆ ಪೇಟೆಯಲ್ಲಿ ಯಾರದೋ ಭಾಷಣ ಕೇಳಿ ಬಂದು ದೇವರ ಪಟಗಳನ್ನೆಲ್ಲ ಬಾವಿಗೆ ಹಾಕಿದ. ಅಡುಗೆಮನೆಯ ಮಟ್ಟಿಗೆ ಆದ ಬದಲಾವಣೆ ಒಂದೇ: ಶನಿವಾರ ಹಾರುವ ತಟ್ಟೆಯಲ್ಲೂ ಬಾಡು ಇರತೊಡಗಿತು.

"ದೇವರನ್ನ ಬಿಟ್ಮೇಲೇ ಅಪ್ಪ ಕೆಟ್ಟಿದ್ದು," ಎಂದ ಚೆನ್ನರಾಯಪ್ಪ.

"ಮಡಿ ಕೆಟ್ಟೋಯ್ತು ಅಂತ ಅಮ್ಮನಿಗೆ ಬಡೀತಿದ್ದದ್ದು ಯಾವಾಗ? ಆಗ ಹಣೆ ತುಂಬ ನಾಮ ಇತ್ತು. ಈಗ ನೋಡಿದ್ರೆ ಆ ನಾಸ್ತಿಕನಿಗೆ ನೀನು ಎಡೆ ಬೇರೆ ಇಡ್ತೀಯ."

"ನಾನಲ್ಲಪ್ಪ ಇಟ್ಟಿದ್ದು. ಇಡದೇ ಇದ್ರೆ ಅಪ್ಪ ಬಂದು ಕೇಳ್ತಾರೆ ಅಂತ ಅಮ್ಮನೇ ಹಟ ಮಾಡಿದ್ದು. ಅಮ್ಮ, ನೀನೇ ಹೇಳು. ಯಾವಾಗ ಜಾಸ್ತಿ ಹೊಡೀತಿದ್ರು? ದೇವರು ಇದ್ದಾಗಲೋ, ಬಿಟ್ಮೇಲೋ?"

ಅಶ್ವತ್ಥಮ್ಮ ಯೋಚಿಸಿದಳು. ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಕೇಳದಿದ್ದ ಪ್ರಶ್ನೆ. ತಪ್ಪು ಹೇಳಬಾರದೆಂದು ಬೆರಳು ಮಡಿಸಿ ಏನನ್ನೋ ಲೆಕ್ಕ ಹಾಕಿದಳು.

"ಅತ್ತೆ ಇದ್ದಾಗ ಕಮ್ಮಿ," ಎಂದಳು.

"ಅಜ್ಜೀನಾ?"

"ಹೂಂ, ಓಬಳಮ್ಮತ್ತೆ. ಇಷ್ಟೇ ಇಷ್ಟು ಮನುಷ್ಯೆ. ಬಂದು ನಡುವೆ ನಿಂತ್ಕೊಂಡ್ಬಿಡೋರು. ಹೊಡಿ ನೋಡಾಣ ಅನ್ನೋರು. ಅವರು ಹೋದ್ಮೇಲೆ ಅಡ್ಡ ಬರೋರು ಯಾರೂ ಇರ್ಲಿಲ್ಲ. ಅವತ್ತಿಂದ ದೇವರಿದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

ಅವಳು ಯಾರನ್ನೂ ದೂರಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು, ಅಷ್ಟೆ. ಆದರೆ ಓಬಳಮ್ಮ ಸತ್ತ ವರ್ಷ ಚೆನ್ನರಾಯಪ್ಪನಿಗೆ ಇಪ್ಪತ್ತೊಂದು, ಕೋನಪ್ಪನಿಗೆ ಹದಿನೇಳು. ಇಬ್ಬರೂ ಆಗಲೇ ಅಪ್ಪನಿಗಿಂತ ಎತ್ತರಕ್ಕೆ ಬೆಳೆದಿದ್ದರು. ಕೋನಪ್ಪ ಪೇಪರನ್ನು ನಾಲ್ಕಾಗಿ ಮಡಿಸಿದ, ಮತ್ತೆ ಎಂಟಾಗಿ ಮಡಿಸಿದ. ಚೆನ್ನರಾಯಪ್ಪ ಗಡಿಯಾರ ನೋಡಿಕೊಂಡ. ಕಾಲು ಗಂಟೆ ಆಗಿ ಐದು ನಿಮಿಷ ಕಳೆದಿತ್ತು.

"ಬಾಗಿಲು ತೆಗೀಬೇಕಲ್ವಾ," ಎಂದಳು ಅಶ್ವತ್ಥಮ್ಮ. ಆದರೆ ಏಳಲಿಲ್ಲ. ಸೆರಗನ್ನು ಬೆರಳಿಗೆ ಸುತ್ತುತ್ತಾ, "ಸಾರಿಗೆ ಉಪ್ಪು ಹಾಕ್ದಂಗಿಲ್ಲ ಕಣ್ರಪ್ಪ," ಎಂದಳು.

ಮಕ್ಕಳು ನಗಲಿಲ್ಲ. ಸತ್ತವರು ಬರುತ್ತಾರೆ ಎಂದು ನಂಬಿದ್ದವನು ಮೊದಲು ಎದ್ದ. ಬರುವುದಿಲ್ಲ ಎಂದು ನಂಬಿದ್ದವನೂ ಎದ್ದ. ಇಬ್ಬರೂ ಹೋಗಿ ಬಾಗಿಲಿಗೂ ತಾಯಿಗೂ ನಡುವೆ, ಭುಜಕ್ಕೆ ಭುಜ ತಾಗಿಸಿ ನಿಂತರು. ತಲೆ ಅರ್ಧ ನರೆತ ಇಬ್ಬರು ಗಂಡಸರು. ಬಾಗಿಲಿಗೆ ಕೈ ಮಾತ್ರ ಇಬ್ಬರೂ ಹಾಕಲಿಲ್ಲ.