ಹಸಿರಲ್ಲಿ ನಿಂತ ಮುಳ್ಳು

ಕಚೇರಿಯಲ್ಲಿ ಊಟ ಮುಗಿಸಿ ತಮ್ಮನ ಹೆಂಡತಿ ಕೈ ತೊಳೆಯಲು ಎದ್ದು ಹೋದದ್ದೇ ತಡ, ಯಜಮಾನ ಅವಳ ಚೀಲಕ್ಕೆ ಕೈ ಹಾಕಿದ. ಊಟದ ಡಬ್ಬಿ, ಕನ್ನಡಕದ ಡಬ್ಬಿ, ಎರಡು ಕಡ್ಡಿಗಳ ನಡುವೆ ಅರ್ಧ ಹೆಣೆದ ಬೂದು ಸ್ವೆಟರ್. ವಿಷದ ಸೀಸೆ ಇಲ್ಲ, ಕದ್ದ ಕಾಗದ ಇಲ್ಲ. ಇದ್ದಿದ್ದರೆ ಅವನಿಗೇ ಸಮಾಧಾನವಾಗುತ್ತಿತ್ತು.

“ಏನು ಬೇಕಾಗಿತ್ತು ಭಾವ?” ಅವಳು ಬಾಗಿಲಲ್ಲಿ ನಿಂತಿದ್ದಳು.

“ಪೆನ್ನು.”

“ನಿಮ್ಮ ಜೇಬಲ್ಲೇ ಇದೆಯಲ್ಲ.”

ಅವನು ಜೇಬು ಮುಟ್ಟಿಕೊಂಡ. “ಈ ಸ್ವೆಟರ್ ಯಾರಿಗೆ?”

“ನಿಮ್ಮ ತಮ್ಮನಿಗೆ ಅಂತ ಶುರು ಮಾಡಿದ್ದು. ಅವರು ಹೋದ್ರು ಅಂತ ಅರ್ಧಕ್ಕೆ ಬಿಡೋಕಾಗುತ್ತಾ?”

ಊರಿನ ಮನೆಮನೆಗೂ ಇಂಟರ್ನೆಟ್ ತಂತಿ ಎಳೆದವನು ಈ ಯಜಮಾನ. ಬೇರೆ ಕಂಪನಿ ಊರೊಳಗೆ ಕಾಲಿಟ್ಟಿರಲಿಲ್ಲ. ಅವನಿಗೆ ದುಡ್ಡು ಕೊಟ್ಟ ಜಾಲತಾಣಗಳು ನೀರು ಹರಿದಂತೆ ತೆರೆದುಕೊಳ್ಳುತ್ತಿದ್ದವು, ಕೊಡದವು ಕುಂಟುತ್ತಿದ್ದವು. ಇದನ್ನು ಮೊದಲು ಬಯಲಿಗೆಳೆದವನು ಒಡಹುಟ್ಟಿದ ತಮ್ಮನೇ. ಗಂಡಹೆಂಡತಿ ಸೇರಿ ಇಂಟರ್ನೆಟ್ಟಿನಲ್ಲಿ ನಡೆಸುತ್ತಿದ್ದ ಪುಟ್ಟ ಪತ್ರಿಕೆಯಲ್ಲಿ ಅವನು ಬರೆದ: ತಂತಿ ಎಳೆದವನು ತಂತಿಯ ಬಾಡಿಗೆ ಕೇಳಲಿ, ನಾವು ಏನು ಓದಬೇಕೆಂದು ಹೇಳುವುದು ಬೇಡ.

ಅವತ್ತೇ ಯಜಮಾನ ಯಂತ್ರದ ಕೋಣೆಗೆ ಹೋಗಿ ತಂತ್ರಜ್ಞನಿಗೆ ಹೇಳಿದ: “ಅವನ ಪತ್ರಿಕೆ ಮುಚ್ಚಬೇಡ. ಸುತ್ತಲಿ. ಬರೀ ಸುತ್ತಲಿ.”

ಸುತ್ತಿತು. ಪತ್ರಿಕೆ ತೆರೆದವರ ಫೋನಿನಲ್ಲಿ ಚಕ್ರ ಸುತ್ತಿ ಸುತ್ತಿ ಓದುಗರು ಬೇಸತ್ತರು. ಜಾಹೀರಾತು ನಿಂತವು. ಕೊನೆಗೆ ತಮ್ಮನ ಎದೆಯೂ ಕೈಕೊಟ್ಟಿತು. ಆ ಚಕ್ರ ನೋಡುತ್ತಲೇ ಕುರ್ಚಿಯಲ್ಲಿ ಒರಗಿದ್ದನಂತೆ.

ಕೆಲವು ತಿಂಗಳು ಕಳೆದ ಮೇಲೆ ಅವಳೇ ಬಂದಳು. “ಹೊಟ್ಟೆಪಾಡು ಭಾವ. ಏನಾದ್ರೂ ಕೆಲಸ ಕೊಡಿ.”

ಸೇಡಿಗೆ ಬಂದಿದ್ದಾಳೆ ಎಂದಿತು ಯಜಮಾನನ ಒಳಮನಸ್ಸು. ಬೇಡವೆಂದರೆ ಊರು ಆಡಿಕೊಳ್ಳುತ್ತದೆ. ಕಣ್ಣೆದುರಿಗೇ ಇರಲಿ ಎಂದು ದೂರು ಕೇಳುವ ಮೇಜಿಗೆ ಕೂರಿಸಿದ. ಯಂತ್ರದ ಕೋಣೆಗೆ ಹೊಸ ಬೀಗ ಹಾಕಿಸಿದ. ಅವಳು ತಂದಿಟ್ಟ ಚಹಾವನ್ನು ದಿನವೂ ಕಿಟಕಿಯ ಕುಂಡಕ್ಕೆ ಸುರಿದ. ಗಿಡ ಸೊಂಪಾಗಿ ಬೆಳೆಯಿತು.

ಕೆಲಸದಲ್ಲಿ ಮಾತ್ರ ಅವಳದು ಎತ್ತಿದ ಕೈ. ಯಾರು ಎಷ್ಟು ಬೈದರೂ ಅದೇ ತಣ್ಣನೆಯ ದನಿ: “ವೇಗ ನೋಡೋ ಪುಟ ತೆರೀರಿ ಅಮ್ಮ. ಮುಳ್ಳು ಎಲ್ಲಿ ನಿಂತಿದೆ? ಹಸಿರಲ್ಲಾ? ಹಾಗಿದ್ರೆ ನಮ್ಮ ಕಡೆ ಏನೂ ತೊಂದರೆ ಇಲ್ಲ.”

ಆ ಪುಟದ ಉಪಾಯ ಯಜಮಾನನದು. ಮಿಕ್ಕದ್ದೆಲ್ಲ ಕುಂಟಿದರೂ ವೇಗ ಅಳೆಯುವ ಪುಟವೊಂದಕ್ಕೆ ದಾರಿ ಪೂರ್ತಿ ಬಿಟ್ಟರಾಯಿತು, ದೂರುವವರ ಬಾಯಿ ಮುಚ್ಚುತ್ತದೆ.

“ಹಳೇ ಪುಟ ಜನಕ್ಕೆ ಅರ್ಥ ಆಗಲ್ಲ ಭಾವ,” ಎಂದಿದ್ದಳು ಅವಳು, ಸೇರಿದ ಹೊಸದರಲ್ಲಿ. “ನಮ್ಮ ಭಾಷೇಲಿ ನಾನೇ ಒಂದು ಮಾಡಿಕೊಡ್ತೀನಿ. ಪತ್ರಿಕೆ ಕಟ್ಟಿ ಅಭ್ಯಾಸ ಇದೆ.”

ಅನುಮಾನದಿಂದಲೇ ಯಜಮಾನ ಅದನ್ನು ತೆರೆಸಿ ನೋಡಿದ್ದ. ಪರದೆಯ ತುಂಬ ದೊಡ್ಡದೊಂದು ಮುಳ್ಳು. ಹಸಿರಿಗೆ ಹೋಗಿ ನಿಂತಿತು. ಇದರಲ್ಲಿ ಏನು ಮಣ್ಣು ಸೇಡು? ಆ ಪುಟಕ್ಕೆ ಎಲ್ಲಕ್ಕಿಂತ ವೇಗದ ದಾರಿ ಕೊಡಿಸಿದ. ಎಷ್ಟು ಸಲ ತೆರೆದರೂ ಪುಕ್ಕಟೆ ಎಂದು ಸಾರಿದ. ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲ. ಮುಳ್ಳು ಎಲ್ಲಿ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತಲ್ಲ.

ಬರಬರುತ್ತ ದೂರುಗಳು ಕಡಿಮೆಯಾದವು. ಆದರೂ ಜನ ಆ ಪುಟ ಬಿಡಲಿಲ್ಲ. ಕ್ಷೌರದಂಗಡಿಯಲ್ಲಿ ಕಾದು ಕೂತವರೆಲ್ಲ ಹೆಬ್ಬೆರಳು ಆಡಿಸುತ್ತ ಅದರಲ್ಲೇ ಮುಳುಗಿರುತ್ತಿದ್ದರು.

“ನಿಮ್ಮ ಮುಳ್ಳು ನೋಡ್ದೆ ನಮಗೆ ಬೆಳಗಾಗೋದೇ ಇಲ್ಲ ಯಜಮಾನ್ರೆ,” ಎಂದ ಕ್ಷೌರಿಕ, ಅವನ ಕೆನ್ನೆಯ ಮೇಲೆ ಕತ್ತಿಯಿಟ್ಟು. ಹಿಂದೆ ಯಾರೋ ಕಿಸಕ್ಕೆಂದರು.

ಮನೆಗೆ ಬಂದರೆ ಹೆಂಡತಿ ಅವನನ್ನು ಕಂಡು ಫೋನು ಮಗುಚಿಟ್ಟಳು.

“ಏನೇ ಅದು?”

“ವೇಗ ನೋಡ್ತಿದ್ದೆ ಕಣ್ರೀ.”

“ಹೇಗಿದೆ?”

“ಇವತ್ತು ಭಾರಿ ಜೋರಾಗಿದೆ.”

ಯಜಮಾನ ಮೀಸೆ ತೀಡಿಕೊಂಡ.

ಪರವಾನಗಿ ಮುಂದುವರಿಸುವ ಮೊದಲು ಸಾರ್ವಜನಿಕ ವಿಚಾರಣೆ ಬಂತು. ಯಾವುದೇ ತಾಣಕ್ಕೆ ಬೇಕೆಂದೇ ಅಡ್ಡಗಾಲು ಹಾಕಿದ್ದು ರುಜುವಾತಾದರೆ ಪರವಾನಗಿ ರದ್ದು, ಕಟ್ಟಿದ್ದೆಲ್ಲ ನೆಲಸಮ. ಸಭಾಂಗಣ ಕಿಕ್ಕಿರಿದಿತ್ತು. ಕೊನೆಯ ಸಾಲಿನಲ್ಲಿ ಕೂತು ಅವಳು ಹೆಣೆಯುತ್ತಿದ್ದಳು. ಈಗ ಏಳುತ್ತಾಳೆ, ಈಗ ಗೋಳಾಡುತ್ತಾಳೆ ಎಂದು ಯಜಮಾನ ಅವಳನ್ನೇ ನೋಡಿದ. ಅವಳು ತಲೆ ಎತ್ತಲಿಲ್ಲ.

ಎದ್ದವರು ನಿವೃತ್ತ ಮೇಷ್ಟ್ರು. “ದಾರಿ ಅಂದ್ಮೇಲೆ ಎಲ್ಲರಿಗೂ ಒಂದೇ ಅಲ್ವೇನಯ್ಯ? ನಿನ್ನ ತಮ್ಮನ ಪತ್ರಿಕೆ ಹೇಗೆ ಸತ್ತಿತು ಹೇಳು.”

“ಓದೋರಿಲ್ದೆ ಸತ್ತಿತು ಮೇಷ್ಟ್ರೆ. ಬೇಕಾಗಿದ್ದಿದ್ರೆ ಜನ ಕಾಯ್ತಿದ್ರು. ನನ್ನ ತಂತಿಗೆ ತಮ್ಮನೂ ಒಂದೇ, ಪರರೂ ಒಂದೇ. ಬೇಕಾದ್ರೆ ಅಧಿಕಾರಿಗಳೇ ಮುಳ್ಳು ನೋಡ್ಲಿ!”

ಅಧಿಕಾರಿ, ನಡುವಯಸ್ಸಿನ ಹೆಂಗಸು, ಎರಡು ಫೋನುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಎರಡಕ್ಕೂ ಯಜಮಾನನದೇ ಇಂಟರ್ನೆಟ್. ಒಂದರಲ್ಲಿ ತಮ್ಮನ ಪತ್ರಿಕೆಯ ವಿಳಾಸ ಒತ್ತಿದರು. ಚಕ್ರ ಸುತ್ತತೊಡಗಿತು.

“ಸತ್ತ ಪತ್ರಿಕೆ ಮೇಡಂ, ಅಲ್ಲಿ ತೆರೆಯೋಕೆ ಏನಿದೆ?”

“ಸತ್ತಿಲ್ಲ. ಪಕ್ಕದ ಊರಲ್ಲಿ ತೆರೆಯುತ್ತೆ. ಇವತ್ತಿನ ಸಂಚಿಕೆ ಬರ್ತಾ ದಾರೀಲಿ ಓದಿದೆ.”

ಇನ್ನೊಂದು ಫೋನಿನಲ್ಲಿ ವೇಗದ ಪುಟ ತೆರೆಯಿತು. ಮುಳ್ಳು ಸರಕ್ಕನೆ ಹಸಿರಿಗೆ ಬಂದು ನಿಂತಿತು.

“ನೋಡಿದ್ರಾ! ನಮ್ಮ ಕಡೆ ಏನೂ ತೊಂದರೆ ಇಲ್ಲ,” ಎಂದ ಯಜಮಾನ.

ಕೊನೆಯ ಸಾಲಿನಲ್ಲಿ ಅವಳು ಸ್ವೆಟರಿಗೆ ಕಡೆಯ ಗಂಟು ಹಾಕಿ ಉಣ್ಣೆ ಕತ್ತರಿಸಿದಳು. ಅಧಿಕಾರಿ ಹೆಬ್ಬೆರಳಿನಿಂದ ಪುಟವನ್ನು ಮೇಲಕ್ಕೆ ತಳ್ಳಿ, ಫೋನನ್ನು ಅವನ ಕಡೆ ತಿರುಗಿಸಿದರು.

ಮುಳ್ಳಿನ ಕೆಳಗೆ, ಅವನೇ ಪುಕ್ಕಟೆ ಬಿಟ್ಟುಕೊಟ್ಟ ಎಲ್ಲಕ್ಕಿಂತ ವೇಗದ ದಾರಿಯಲ್ಲಿ, ತಮ್ಮನ ಪತ್ರಿಕೆಯ ಇವತ್ತಿನ ಸಂಚಿಕೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತ್ತು. ಊರೆಲ್ಲ ದಿನಾ ಬೆಳಿಗ್ಗೆ ನೋಡುತ್ತಿದ್ದದ್ದು ಅದನ್ನೇ.