ಸದ್ದಿಲ್ಲದ ಫ್ಯಾನು

"ಇವರಿಗೆ ಯಾವ ಕಲರ್ ಲೈಟ್ ಹಾಕೋಣ ಅಮ್ಮಾ? ಕೆಂಪು ಇದೆ, ನೀಲಿ ಇದೆ, ಹಾಡಿಗೆ ತಕ್ಕ ಹಾಗೆ ಕುಣಿಯೋದೂ ಇದೆ. ಅರ್ಥ ಆಯ್ತಲ್ಲ?"

ಕಂಪ್ಯೂಟರ್ ಅಂಗಡಿಯ ಮಾಲೀಕ ಕೇಳಿದ್ದು ಅಕ್ಕನನ್ನು. ಕಂಪ್ಯೂಟರ್ ಬೇಕಾಗಿದ್ದದ್ದು ತಮ್ಮನಿಗೆ. ಅವನು ಬಿಳಿ ಕೋಲು ಹಿಡಿದು, ಮಾಲೀಕನ ಮೂಗಿನಿಂದ ಒಂದು ಮೊಳ ದೂರದಲ್ಲೇ ನಿಂತಿದ್ದ.

"ನನ್ನನ್ಯಾಕೆ ಕೇಳ್ತೀರಿ? ನಾನು ಬೇಕರಿಯಲ್ಲಿ ಕೇಕ್ ಮೇಲೆ ಹೆಸರು ಬರೆಯೋಳು. ಅವನನ್ನೇ ಕೇಳಿ," ಎಂದಳು ಅಕ್ಕ.

"ಲೈಟ್ ಬೇಡ. ಆಟ ಆಡುವಾಗ ಅದರ ಸದ್ದು ಸರಿಯಾಗಿ ಕೇಳಿಸ್ಬೇಕು, ಅಷ್ಟೇ. ಸದ್ದು ಮಾಡದ ಫ್ಯಾನ್ ಮೂರು, ಒಳ್ಳೇ ಸೌಂಡ್ ಕಾರ್ಡ್ ಒಂದು. ಮಿಕ್ಕಿದ್ದೆಲ್ಲ ಆಗ್ಲೇ ಹೇಳಿದೀನಿ," ಎಂದ ತಮ್ಮ.

ಅವನು ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಮುನ್ನೂರು ಒಳನಂಬರು ಬಾಯಿಪಾಠ ಇದ್ದವನಿಗೆ ಬಿಡಿಭಾಗಗಳ ಪಟ್ಟಿ ಯಾವ ಲೆಕ್ಕ? ನಾಲ್ಕು ತಿಂಗಳು ಕೇಳಿ, ವಿಚಾರಿಸಿ, ಒಂದೊಂದನ್ನೂ ತಾನೇ ಆರಿಸಿದ್ದ. ಜೋಡಿಸುವುದೂ ತಾನೇ ಎಂದು ಹಟ ಹಿಡಿದಿದ್ದ. ಅವನು ಕಂಪ್ಯೂಟರಿನಲ್ಲಿ ಆಡುತ್ತಿದ್ದದ್ದು ಹೊಡೆದಾಟದ ಆಟ, ಕಿವಿಯಿಂದಲೇ. ಎದುರಾಳಿಯ ಹಿಮ್ಮಡಿ ಎಡಕ್ಕೆ ಉಜ್ಜಿದರೆ ಒದೆ ಬರುತ್ತದೆ, ತೋಳಿನ ಬಟ್ಟೆ ಸರ್ರೆಂದರೆ ಗುದ್ದು. ಹಳೆಯ ಕಂಪ್ಯೂಟರಿನ ಫ್ಯಾನು ಸರಿಯಾಗಿ ಆ ಹೊತ್ತಿಗೇ ಹಿಟ್ಟಿನ ಗಿರಣಿಯಂತೆ ಭೋರ್ಗರೆಯುತ್ತಿತ್ತು. ಇವನು ಮಕಾಡೆ ಬೀಳುತ್ತಿದ್ದ. ಆದರೂ ಗೆದ್ದ ದಿನಗಳಿದ್ದವು. ಎಲ್ಲೆಲ್ಲೋ ಕೂತು ಇಂಟರ್ನೆಟ್ಟಿನಲ್ಲಿ ಆಡುವ ಅಪರಿಚಿತರಿಗೆ ಇವನಿಗೆ ಕಣ್ಣು ಕಾಣದೆಂದು ಗೊತ್ತಿರಲಿಲ್ಲ. ಸೋತವರು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಯಾರೂ 'ಪಾಪ' ಅನ್ನುತ್ತಿರಲಿಲ್ಲ. ಅದಕ್ಕಾಗಿಯೇ ಅವನು ಆಡುತ್ತಿದ್ದ.

"ಆಟ ಆಡೋಕಾ?" ಮಾಲೀಕ ಗಂಟಲು ಕೆರೆದು ಮತ್ತೆ ಅಕ್ಕನ ಕಡೆ ತಿರುಗಿದ. "ಇವರು ಹೇಗಮ್ಮಾ ಆಡ್ತಾರೆ, ಪಾಪ? ಸುಮ್ನೆ ಒಂದು ರೇಡಿಯೋ ಕೊಡಿಸಿ. ಕಾಸೂ ಉಳಿಯತ್ತೆ, ಕಾಲಾನೂ ಕಳೆಯತ್ತೆ. ಅರ್ಥ ಆಯ್ತಲ್ಲ?"

"ಸಾರ್, ನಾನು ಇಲ್ಲೇ ಇದೀನಿ," ಎಂದ ತಮ್ಮ.

"ಇದ್ದಾರೆ, ಇದ್ದಾರೆ," ಎಂದು ಮಾಲೀಕ ಅದನ್ನೂ ಅಕ್ಕನಿಗೇ ಹೇಳಿದ. ಆಮೇಲೆ ಅಟ್ಟದ ಏಣಿಯ ಬಳಿ ಹೋಗಿ, ಮೇಲಿದ್ದ ಉಗ್ರಾಣದವರಿಗೆ ಏನೋ ಪಿಸುಗುಟ್ಟಿ, ಡಬ್ಬಿ ಸಮೇತ ಒಂದು ಫ್ಯಾನು ಇಸಿದುಕೊಂಡು ಬಂದು ಮೇಜಿನ ಮೇಲೆ ಕುಕ್ಕಿದ. "ತಗೊಳ್ಳಿ ಅಮ್ಮಾ, ಹೊಚ್ಚ ಹೊಸದು."

"ಓಡಿಸಿ," ಎಂದ ತಮ್ಮ. ಫ್ಯಾನು ತಿರುಗಿತು. ಅವನು ಕಿವಿ ಹತ್ತಿರ ತಂದ. "ಇದು ಕಿರುಗುಟ್ತಾ ಇದೆ." ನಿಲ್ಲಿಸಿ ರೆಕ್ಕೆಯ ಅಂಚಿನ ಮೇಲೂ ಡಬ್ಬಿಯ ಮೇಲೂ ಬೆರಳಾಡಿಸಿದ. "ಧೂಳು ಕೂತಿದೆ. ಡಬ್ಬಿಗೆ ಎರಡು ಸಲ ಟೇಪ್ ಅಂಟಿಸಿದೀರಿ. ಇದನ್ನ ಯಾರೋ ಉಪಯೋಗಿಸಿ ವಾಪಸ್ ಕೊಟ್ಟಿದ್ದಾರೆ. ಸೀಲ್ ಒಡೆಯದೇ ಇರೋದು ಕೊಡಿ."

"ಇವರಿಗೆ ಅನುಮಾನ ಜಾಸ್ತಿ ಅಲ್ವಾ ಅಮ್ಮಾ?" ಎಂದು ಮಾಲೀಕ ನಕ್ಕ. ಅಷ್ಟರಲ್ಲಿ ಹೊರಗೆ ಯಾರೋ ಹಾರ್ನ್ ಬಾರಿಸಿದರು. ಬಾಗಿಲಿಗೆ ಅಡ್ಡ ನಿಲ್ಲಿಸಿದ್ದ ಸ್ಕೂಟರ್ ತೆಗೆಯಲು ಅವನು ಓಡಿದ.

ತಮ್ಮನ ಮುಖ ಕೆಂಪೇರಿತ್ತು. ಅವನು ಕೋಲನ್ನು ಅಕ್ಕನ ಕೈಗೆ ಕೊಟ್ಟ. ಒಮ್ಮೆ ಗಂಟಲು ಕೆರೆದ. ಅಕ್ಕ ಬೆಚ್ಚಿ ಬಾಗಿಲ ಕಡೆ ನೋಡಿದಳು; ಮಾಲೀಕ ಇನ್ನೂ ಸ್ಕೂಟರ್ ಜೊತೆಗೇ ಗುದ್ದಾಡುತ್ತಿದ್ದ.

"ಏನ್ರೀ," ಎಂದಿತು ಮಾಲೀಕನದೇ ದನಿ, ಅದೇ ಮೂಗಿನ ರಾಗ, ಅದೇ ಗೊರಗೊರ. "ಸೀಲ್ ಒಡೆಯದ ಫ್ಯಾನ್ ಮೂರು ಇಳಿಸ್ರಿ. ಆ ವಾಪಸ್ ಬಂದ ಮಾಲು ಈ ಸಾರ್‌ಗೆ ಯಾಕ್ರೀ ಕೊಟ್ರಿ? ಅರ್ಥ ಆಯ್ತಲ್ಲ?"

ಅಟ್ಟದ ಮೇಲೆ ಡಬ್ಬಿಗಳು ಸರಿದ ಸದ್ದು. "ಒಳ್ಳೇ ಕಥೆ ಆಯ್ತಲ್ಲ ಸಾರ್," ಎಂದು ಉಗ್ರಾಣದವರು ಗೊಣಗುತ್ತ ಏಣಿ ಇಳಿಯತೊಡಗಿದರು. ತಲೆ ನರೆತ ಮನುಷ್ಯ, ಬೆನ್ನು ಈ ಕಡೆಗೆ. "ನೀವೇ ತಾನೆ ಈಗ ಹೇಳಿದ್ದು, ಇವರಿಗೆ ಕಣ್ಣು ಕಾಣಲ್ಲ, ಹಳೇದೇ ಕೊಡಿ, ನಡೆಯತ್ತೆ ಅಂತ. ಈಗ ನನ್ನ ಮೇಲೆ ಹಾಕ್ತೀರಲ್ಲ."

ಕೆಳಗಿಳಿದು ತಿರುಗಿದವರು ಮೂರು ಡಬ್ಬಿ ಎದೆಗವಚಿಕೊಂಡು ಹಾಗೇ ನಿಂತುಬಿಟ್ಟರು. ಮಾಲೀಕ ಇದ್ದದ್ದು ಹೊಸ್ತಿಲಲ್ಲಿ, ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದು. ಅವನ ಬಾಯಿ ತೆರೆದೇ ಇತ್ತು. ಅವನ ದನಿ ಮಾತ್ರ ಮೇಜಿನ ಈಚೆಯಿಂದ ಬಂದಿತ್ತು.

ತಮ್ಮ ಕೈ ಚಾಚಿ ಡಬ್ಬಿಗಳನ್ನು ತೆಗೆದುಕೊಂಡ. ಒಂದೊಂದರ ಸೀಲನ್ನೂ ಉಗುರಿನಿಂದ ಸವರಿ ನೋಡಿದ. ಆಮೇಲೆ ತನ್ನದೇ ದನಿಯಲ್ಲಿ, ನಿಧಾನವಾಗಿ ಹೇಳಿದ: "ಒಂದು ಗಂಟೆಯಿಂದ ಇದನ್ನೇ ನನ್ನ ದನಿಯಲ್ಲಿ ಕೇಳ್ತಾ ಇದ್ದೆ ಸಾರ್. ಈ ಅಂಗಡಿಯಲ್ಲಿ ಯಾರಿಗೂ ಕೇಳಿಸ್ಲಿಲ್ಲ. ನಿಮ್ಮ ದನಿಯಲ್ಲಿ ಒಂದೇ ಸಲ ಹೇಳಿದೆ, ನೋಡಿ, ಬಂತು."

ಮಾಲೀಕ ಗಂಟಲು ಕೆರೆಯಲು ಹೋಗಿ ತಡೆದುಕೊಂಡ. ಅಭ್ಯಾಸಬಲ, ಕುತ್ತಿಗೆ ತಾನಾಗಿ ಅಕ್ಕನ ಕಡೆ ಹೊರಳಿತು. "ಅಮ್ಮಾ, ಇವರು ಯಾವಾಗ್ಲೂ ಹೀಗೇನಾ..."

ಅಕ್ಕ ಬಿಳಿ ಕೋಲನ್ನು ನೆಲಕ್ಕೂರಿ, ಎರಡೂ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.